ಡಾಲರ್ ಇಳಿಯಲಿ ಎಂದು ಕಾದ ಫೀಸು

ಕೆನಡಾದ ಮಿಸಿಸಾಗದಲ್ಲಿರುವ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಧನುಶ್ರೀ ಬಾಡಿಗೆಗಿದ್ದಾಳೆ. ಹುಬ್ಬಳ್ಳಿಯ ಹುಡುಗಿ, ಇಲ್ಲಿ ಕಾಲೇಜು ಓದುತ್ತಾಳೆ. ಸೋಮವಾರ ಬೆಳಿಗ್ಗೆ ನನ್ನ ಅಡುಗೆಮನೆಗೆ ಬಂದವಳೇ ಅಳತೊಡಗಿದಳು.

"ಜಯಶೀಲಾ ಆಂಟಿ, ಶುಕ್ರವಾರ ಫೀಸಿಗೆ ಲಾಸ್ಟ್ ಡೇಟ್. ಕಟ್ಟಲಿಲ್ಲಂದ್ರ ಸೀಟು ಹೋಗ್ತೈತಿ. ಅಪ್ಪ ರೊಕ್ಕ ಇಟ್ಕೊಂಡು ಕುಂತಾರ, ಡಾಲರ್ ಇಳೀಲಿ ಅಂತ."

ನನಗೆ ಸಿಟ್ಟು ನೆತ್ತಿಗೇರಿತು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ನಮ್ಮವರ ಈ ಕಾಯುವ ಚಟವನ್ನು ಎಷ್ಟು ನೋಡಿಲ್ಲ! "ಹಾಕು ಫೋನು" ಎಂದೆ.

ಅವಳ ಅಪ್ಪ ಚನ್ನವೀರಪ್ಪನವರು ಸ್ಪೀಕರಿನಲ್ಲಿ ಬಂದರು. "ಮುಂದಿನ ವಾರ ಕೆನಡಾದಾಗ ಬಡ್ಡಿ ಇಳಸ್ತಾರಂತ್ರಿ ಮೇಡಂ, ಟಿವಿಯಾಗ ಹೇಳ್ಯಾರ. ಬಡ್ಡಿ ಇಳಿದ್ರ ಡಾಲರೂ ಇಳೀತೈತಿ. ಆಗ ಕಳಸ್ತೀನಿ."

"ಅರ್ಧ ಸರಿ ಸಾರ್. ಬಡ್ಡಿ ಜಾಸ್ತಿ ಸಿಗೋ ಕಡೆ ಹೊರಗಿನವರು ದುಡ್ಡು ಹಾಕ್ತಾರೆ, ಅಲ್ಲಿನ ದುಡ್ಡಿಗೆ ಬೆಲೆ ಬರುತ್ತೆ. ಬಡ್ಡಿ ಇಳಿದ್ರೆ ಬೆಲೆ ತಗ್ಗಬಹುದು. ಆದ್ರೆ ನೀವು ಟಿವೀಲಿ ಕೇಳಿದ್ದನ್ನ ಮಾರ್ಕೆಟ್‌ನವರು ಕೇಳಿಲ್ವಾ? ಅವರು ಅದನ್ನ ಆಗ್ಲೇ ಲೆಕ್ಕಕ್ಕೆ ಹಿಡಿದು ಇವತ್ತಿನ ರೇಟು ಕಟ್ಟಿದಾರೆ. ಅದೂ ಅಲ್ದೆ ಕೆನಡಾ ತೈಲ ಮಾರೋ ದೇಶ, ಇಂಡಿಯಾ ಕೊಳ್ಳೋ ದೇಶ. ನಾಳೆ ತೈಲದ ರೇಟು ಏರಿದ್ರೆ ಡಾಲರ್ ಮೇಲೆ, ರೂಪಾಯಿ ಕೆಳಗೆ ಹೋದರೂ ಹೋಯ್ತು!"

"ಹಂಗಾರ ಯಾವಾಗ ಇಳೀತೈತ್ರಿ?"

"ನಂಗೊತ್ತಿಲ್ಲ. ಟಿವಿಯವರಿಗೂ ಗೊತ್ತಿಲ್ಲ."

"ಇನ್ನೊಂದ್ ವಾರ ನೋಡೂಣಲ್ರಿ..."

ಧನುಶ್ರೀ ಕಣ್ಣೊರೆಸಿಕೊಂಡು ಫೋನ್ ಕಿತ್ತುಕೊಂಡಳು. "ಸಾಕ್ ಮಾಡ್ರಿ ಅಪ್ಪಾ! ಡಾಲರ್ ಇಳಿದ್ರ ನಾಕು ಸಾವಿರ ರೂಪಾಯಿ ಉಳಿದೀತು. ಸೀಟು ಹೋದ್ರ ವೀಸಾನೂ ಹೋತು, ಇಷ್ಟು ದಿನ ಓದಿದ್ದೂ ಹೋತು. ನಾ ಹೊಳ್ಳಿ ಬರಂಗಿಲ್ಲ. ನಾ ಇಲ್ಲೇ ಓದಾಕಿ!"

ಕೊನೆಗೆ ಚನ್ನವೀರಪ್ಪನವರು, "ನಾಳೆ ಬ್ಯಾಂಕ್ ಬಾಗಲಾ ತಗಿಯೂದ್ರಾಗ ಅಲ್ಲಿರ್ತೀನವಾ. ಅಳಬ್ಯಾಡ" ಎಂದರು.

"ನಾ ಅಳಾಕತ್ತಿಲ್ಲ" ಎಂದಳು ಧನುಶ್ರೀ.

ಗುರುವಾರ ಫೀಸು ಕಾಲೇಜಿಗೆ ಸೇರಿತು. ಮುಂದಿನ ವಾರ ಬಡ್ಡಿಯೂ ಇಳಿಯಿತು. ಡಾಲರ್ ಮಾತ್ರ ಕೂತಲ್ಲಿಂದ ಅಲುಗಲಿಲ್ಲ. ಅವಳಪ್ಪ ಅವತ್ತು ತಾವಾಗಿಯೇ ಫೋನ್ ಮಾಡಿ, "ಟಿವಿ ಬಂದ್ ಮಾಡೇನ್ರಿ ಮೇಡಂ" ಎಂದರು.

ಇದನ್ನು ಓದುತ್ತಿರುವ ತಂದೆತಾಯಂದಿರೇ, ಫೀಸಿನ ದುಡ್ಡನ್ನು ಕೊನೆಯ ಗಳಿಗೆಗೆ ಇಟ್ಟುಕೊಳ್ಳಬೇಡಿ. ಮೊದಲಿನಿಂದಲೇ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕಳಿಸಿ, ರೇಟಿನ ಏರಿಳಿತ ಎಷ್ಟೋ ಸರಿದೂಗುತ್ತದೆ. ಕೊನೆಯ ದಿನ ಹತ್ತಿರ ಬಂದಿದೆಯೇ? ಹಾಗಾದರೆ ರೇಟು ನೋಡಬೇಡಿ, ಮಗಳ ಮುಖ ನೋಡಿ.