ಬಂಗಲೆಯವನಿಗೆ ಹೊದಿಸಿದ ಶಾಲು

ದೊಡ್ಡ ಕುರ್ಚಿಯಲ್ಲಿ ಯಾರಾದರೂ ಕೂತಿದ್ದರೆ ಸಾಕು, ನಮ್ಮವರ ಕೈ ತಾನಾಗಿಯೇ ಶಾಲಿಗೆ ಹೋಗುತ್ತದೆ. ಅಮೆರಿಕದ ಆಸ್ಟಿನ್ನಿನ ಕನ್ನಡ ಕೂಟದ ಅಧ್ಯಕ್ಷ ಅಣ್ಣಾಸಾಹೇಬರು ೨೦೦೩ರ ರಾಜ್ಯೋತ್ಸವದಲ್ಲಿ ಹಾಲೋವೇ ಬಂಗಲೆಯ ಟ್ರಸ್ಟಿನ ಮುಖ್ಯಸ್ಥನಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ‘ಉದ್ಯಾನದ ದಾತಾರ’ ಎಂದು ಹಾಡಿ ಹೊಗಳಿದ್ದರು. ಆ ಫೋಟೊ ಈಗ ಪುರಸಭೆಯ ಸಭೆಯಲ್ಲಿ ಪರದೆಯ ಮೇಲೆ ಇಷ್ಟಗಲ ಬಿದ್ದಿತ್ತು. ಉದ್ಯಾನದ ಸುತ್ತ ನಾವು ಹಾಕಲಿರುವ ಬೇಲಿಗೆ ಭಾರತೀಯರೂ ಪರವಾಗಿದ್ದಾರೆ ಎಂದು ಆ ಮುಖ್ಯಸ್ಥ ಹೇಳುತ್ತಿದ್ದ. ಹಿಂದೆ ಕೂತಿದ್ದ ವೈಷ್ಣವಿಗೆ ಮೈಯೆಲ್ಲ ಉರಿದುಹೋಯಿತು.

ದಾತಾರನಂತೆ, ಮಣ್ಣಂಗಟ್ಟಿ. ಇತಿಹಾಸದ ವಿದ್ಯಾರ್ಥಿನಿಯಾದ ಅವಳು ಆ ಬಂಗಲೆಯ ಕಥೆಯನ್ನೇ ಕೆದಕುತ್ತ ಬಂದಿದ್ದಳು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹತ್ತಿ ವ್ಯಾಪಾರಿಯೊಬ್ಬ ಕಟ್ಟಿಸಿದ ಗೋಪುರದ ಮನೆ ಅದು. ಇಟ್ಟಿಗೆ ಹೊತ್ತವರು ಸರಕಾರ ಬಾಡಿಗೆಗೆ ಕೊಟ್ಟ ಕಪ್ಪು ಕೈದಿಗಳು. ವ್ಯಾಪಾರಿಯ ವಿಧವೆ ಸುತ್ತಲಿನ ತೋಪು, ಹುಲ್ಲುಗಾವಲನ್ನೆಲ್ಲ ಊರ ಮಂದಿಗೆ ಉದ್ಯಾನವಾಗಿ ಬಿಟ್ಟುಹೋದಳು. ಊರ ಮಂದಿ ಎಂದರೆ ಬಿಳಿಯರು. ಕಪ್ಪು ಜನಕ್ಕೆ ಗೇಟು ತೆರೆಯುತ್ತಿದ್ದುದು ವರ್ಷಕ್ಕೊಂದೇ ದಿನ. ಅರವತ್ತರ ದಶಕದಲ್ಲಿ ಅವರು ಹೋರಾಡಿ ಆ ಬೇಲಿ ಕೀಳಿಸಿದ್ದರು. ಈಗ ಮತ್ತೆ ಬೇಲಿ ಹಾಕಿ, ಹುಲ್ಲುಗಾವಲನ್ನು ಮದುವೆಗಳಿಗೆ ಬಾಡಿಗೆ ಕೊಡುವ ಹುನ್ನಾರ ಟ್ರಸ್ಟಿನಿಂದ ನಡೆದಿತ್ತು.

ಮತಕ್ಕೆ ಹಾಕುವ ಮುಂಚೆ ಸ್ವಲ್ಪ ಬಿಡುವು ಕೊಟ್ಟರು. ವೈಷ್ಣವಿ ನೇರವಾಗಿ ಅಣ್ಣಾಸಾಹೇಬರ ಹತ್ತಿರ ಹೋದಳು.

“ಕಾಕಾ, ಸನ್ಮಾನಕ್ಕೂ ಬೇಲಿಗೂ ಸಂಬಂಧ ಇಲ್ಲ ಅಂತ ಎದ್ದು ಒಂದ್ ಮಾತು ಹೇಳ್ರಿ.”

“ಊರ ಉಸಾಬರಿ ನಮಗ್ಯಾಕವಾ? ಕಾರ್ತೀಕದಾಗ ನಮ್ಮ ವನಭೋಜನಕ್ಕ ಒಂದ್ ದಿನ ಬಿಟ್ಟುಕೊಡ್ತೀನಿ ಅಂದಾನ ಟ್ರಸ್ಟಿನವ.”

“ಕಪ್ಪು ಮಂದಿಗೂ ಅಷ್ಟ ಬಿಟ್ಟುಕೊಟ್ಟಿದ್ರು, ಕಾಕಾ. ಒಂದ ದಿನ.”

ಬಿಡುವು ಮುಗಿಯಿತೆಂದು ಅಣ್ಣಾಸಾಹೇಬರು ತಮ್ಮ ಕುರ್ಚಿಗೆ ಮರಳಿದರು. ವೈಷ್ಣವಿ ತಾನೇ ಮೈಕಿನ ಮುಂದೆ ನಿಂತು, ಗೊತ್ತಿದ್ದುದನ್ನೆಲ್ಲ ಹೇಳಿದಳು. ಟ್ರಸ್ಟಿನವನು ನಕ್ಕು, ಇದು ಒಬ್ಬ ಹುಡುಗಿಯ ಅಭಿಪ್ರಾಯ, ಅವರ ಕೂಟದ ಅಧ್ಯಕ್ಷರನ್ನೇ ಕೇಳಿ ಎಂದ. ಎಲ್ಲರೂ ಅಣ್ಣಾಸಾಹೇಬರತ್ತ ತಿರುಗಿದರು. ಅವರು ಎದ್ದು ನಿಂತು, ಎಲ್ಲರಿಗೂ ಕೈ ಮುಗಿದು ಕೂತುಬಿಟ್ಟರು. ಇಲ್ಲ ಎನ್ನಲು ಸಂಕೋಚವಾದಾಗ ನಮ್ಮವರು ಮಾಡುವುದೇ ಅಷ್ಟು. ಸಭೆ ಅದನ್ನು ಒಪ್ಪಿಗೆ ಎಂದುಕೊಂಡಿತು. ಬೇಲಿ ಪಾಸಾಯಿತು.

ಹೊರಗೆ ಪಾರ್ಕಿಂಗಿನಲ್ಲಿ ಅಣ್ಣಾಸಾಹೇಬರು ಮೆಲ್ಲಗೆ ಹತ್ತಿರ ಬಂದರು. “ಸಿಟ್ಟಾಗಬ್ಯಾಡವಾ. ವನಭೋಜನಕ್ಕ ಬರ್ತೀಯಲ್ಲ?”

“ಬರ್ತೀನ್ರಿ ಕಾಕಾ,” ಎಂದಳು ವೈಷ್ಣವಿ. “ಗೇಟಿನ ಹೊರಗ ನಿಂತಿರ್ತೀನಿ. ಒಳಗ ಹೋಗೋಮುಂದ ನನ್ನ ಮಾರಿ ನೋಡಿ ಹೋಗ್ರಿ.”