ಗುಡುಗನ್ನು ಕರೆತಂದ ದಿನ

ಆಸ್ಪತ್ರೆಯವರು ಕೊಟ್ಟಿದ್ದ ಪ್ಲಾಸ್ಟಿಕ್ ಚೀಲವನ್ನು ಅವಳು ಮೇಜಿನ ಮೇಲೆ ಬೋರಲು ಹಾಕಿದಳು. ಗಂಡನ ಬೆಲ್ಟು, ಕೈಗಡಿಯಾರ, ಗ್ರೀಸ್ ಹತ್ತಿದ ಕರ್ಚೀಫು, ಒಂದಷ್ಟು ಸ್ಕ್ರೂಗಳು ಉರುಳಿಬಿದ್ದವು. ಚೀಲ ಕೊಡವಿದ ಮೇಲೆ ವ್ಯಾನಿನ ಕೀಲಿಯೂ ಬಿತ್ತು. ಅದನ್ನು ಎತ್ತಿಕೊಂಡು ಸೆರಗಿನ ತುದಿಯಲ್ಲಿ ಒರೆಸಿದಳು.

"ಅದ್ಯಾಕೆ ಈಗ?" ಎಂದಳು ನಾದಿನಿ.

"ಗುಡುಗನ್ನ ಕರ್ಕೊಂಡು ಬರ್ತೀನಿ ಅಕ್ಕ."

"ಯಾರು, ಆ ಡ್ರಮ್ಮು ಬಾರಿಸೋ ಕುಡುಕನ್ನಾ? ಅಲ್ಲಮ್ಮಾ, ಗಂಡನ ಹೆಣ ಇಲ್ಲಿಟ್ಟು ಹೆಂಡತಿ ಬೀದಿ ಸುತ್ತೋದುಂಟಾ? ನೋಡಿದವರು ಏನಂತಾರೆ?"

"ಅಂದವರ ಬಾಯಿಗೆ ನಾನು ಬೀಗ ಹಾಕೋಕಾಗತ್ತಾ."

ಸ್ಮಶಾನಕ್ಕೆ ಅಂಟಿಕೊಂಡ ಆ ಹಾಲಿನಲ್ಲಿ ಫ್ಯಾನು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತಿತ್ತು. ಮಣ್ಣಿಗೆ ನಾಲ್ಕು ಗಂಟೆ ಎಂದು ಹೇಳಿದ್ದರು. ಈಗಾಗಲೇ ಎರಡು ದಾಟಿತ್ತು. ಗಂಡನ ಜೊತೆ ಲಿಫ್ಟ್ ರಿಪೇರಿ ಮಾಡುತ್ತಿದ್ದವರು ಸಮವಸ್ತ್ರದಲ್ಲೇ ಬಂದು ಗೋಡೆಗುಂಟ ಕೂತಿದ್ದರು. ಅವರಲ್ಲೊಬ್ಬ ಪಕ್ಕದವನಿಗೆ ಪಿಸುಗುಟ್ಟುತ್ತಿದ್ದ: "ಊರಿಗೆಲ್ಲ ಲಿಫ್ಟ್ ಸರಿ ಮಾಡ್ಕೊಟ್ಟೋನು ಮೆಟ್ಟಿಲು ಹತ್ತೋವಾಗ ಹೋದ ನೋಡು." ಪಕ್ಕದವನು ನಿಟ್ಟುಸಿರು ಬಿಟ್ಟ. "ಕುಡೀತಿರಲಿಲ್ಲ, ಸೇದ್ತಿರಲಿಲ್ಲ. ಕುಡಿಯೋರೆಲ್ಲ ಗುಂಡುಕಲ್ಲಿನ ಹಾಗಿದ್ದಾರೆ."

ಅಪ್ಪನ ತಲೆಯ ಬಳಿ ಕೂತಿದ್ದ ಮಗಳು ತಾಯಿಯ ಕೈಯಲ್ಲಿದ್ದ ಕೀಲಿ ನೋಡಿದಳು.

"ಅಮ್ಮಾ, ಇವತ್ತೂನಾ?"

ಮಾತು ಬಂದಾಗಿನಿಂದ ಆ ಹುಡುಗಿ ಅಪ್ಪನನ್ನು ಕೇಳುತ್ತಿದ್ದ ಪ್ರಶ್ನೆ ಅದು. ತಾಯಿ ಚಪ್ಪಲಿ ಹುಡುಕತೊಡಗಿದಳು.

ಸ್ವಲ್ಪ ಹೊತ್ತಿನ ಮುಂಚೆ ಮುಖ ತೊಳೆಯಲೆಂದು ಹಾಲಿನ ಹಿಂದಿನ ನಲ್ಲಿಗೆ ಹೋಗಿದ್ದಳು. ಗಂಡನ ಬ್ಯಾಂಡಿನಲ್ಲಿ ಕೀಬೋರ್ಡು ನುಡಿಸುವ ಮೇಷ್ಟ್ರು ಕಾಂಪೌಂಡಿನ ಮರೆಯಲ್ಲಿ ಸಣ್ಣ ಬಾಟಲಿಯೊಂದನ್ನು ಬಾಯಿಗೆತ್ತಿದ್ದರು. ಅವಳನ್ನು ಕಂಡು ಕೋಟಿನೊಳಗೆ ತುರುಕಿಕೊಂಡರು. "ಅವನ ಹೆಸರಲ್ಲಿ ಒಂದೇ ಗುಟುಕು ಅತ್ತಿಗೆ," ಎಂದರು.

"ಅವರು ಮುಟ್ಟದೇ ಇದ್ದದ್ದನ್ನ ಅವರ ಹೆಸರಲ್ಲಿ ಕುಡೀತೀರಾ ಮೇಷ್ಟ್ರೇ?"

ಆಗಲೇ ಬ್ಯಾಂಡಿನ ಗಾಯಕಿ ಓಡಿಬಂದು, ಗುಡುಗು ಬೆಳಗಿನಿಂದ ಫೋನ್ ಎತ್ತುತ್ತಿಲ್ಲ, ಮನೆಯಲ್ಲೂ ಇಲ್ಲ, ಅಭ್ಯಾಸದ ಕೋಣೆಯಲ್ಲೇ ಇರಬೇಕು ಎಂದು ಹೇಳಿದ್ದು. ಹೇಳಿ ಮುಗಿಸಿ ಸುಮ್ಮನೆ ನಿಂತಿದ್ದಳು, ಈಗ ಯಾರಾದರೂ ಎದ್ದು ಶೂ ಹಾಕಿಕೊಳ್ಳುತ್ತಾರೆ ಎಂಬಂತೆ. ಇಷ್ಟು ವರ್ಷ ಹಾಗೆ ಎದ್ದು ಶೂ ಹಾಕಿಕೊಳ್ಳುತ್ತಿದ್ದವನು ಒಳಗೆ ಮಲಗಿದ್ದ.

~

ಬ್ಯಾಂಡಿನವರು ಅವಳ ಗಂಡನನ್ನು ಬ್ರೇಕು ಎಂದು ಕರೆಯುತ್ತಿದ್ದರು. ಚಿಕ್ಕವರಿಗೆ ಬ್ರೇಕಣ್ಣ. ಲಿಫ್ಟಿನ ಕೆಲಸದಿಂದ ಬಂದ ಹೆಸರೆಂದು ಅವಳು ಮದುವೆಯಾದ ಹೊಸದರಲ್ಲಿ ತಿಳಿದಿದ್ದಳು. ಒಂದು ಸಲ ಹೋಟೆಲ್ಲೊಂದರ ಪಾರ್ಟಿಗೆ ಜೊತೆಗೆ ಹೋದಾಗ ನಿಜ ಗೊತ್ತಾಯಿತು. ಗಂಡ ವೇದಿಕೆಯ ಮೂಲೆಯಲ್ಲಿ ಬಾಸ್ ಗಿಟಾರ್ ಹಿಡಿದು, ಜನರ ಕಡೆ ಒಮ್ಮೆಯೂ ನೋಡದೆ, ಗುಡುಗಿನ ಕೈಗಳನ್ನೇ ನೋಡುತ್ತಿದ್ದ. ಗುಡುಗು ತಾಳ ಬಿಟ್ಟು ಓಡತೊಡಗಿದರೆ ಇವನು ಎರಡು ಹೆಜ್ಜೆ ಹತ್ತಿರ ಹೋಗಿ ದಪ್ಪ ತಂತಿಯನ್ನು ಒತ್ತಿ ಮೀಟುತ್ತಿದ್ದ. ಎತ್ತಿನ ಮೂಗುದಾರ ಹಿಡಿದ ಹಾಗೆ ಹಾಡು ಮತ್ತೆ ದಾರಿಗೆ ಬರುತ್ತಿತ್ತು.

"ಅವನ ತಾಳ ಓಡಿದ್ರೆ ಮಾತ್ರೆ, ಎಳೆದ್ರೆ ಎಣ್ಣೆ," ಎಂದು ಮನೆಗೆ ಬರುವಾಗ ಹೇಳಿದ್ದ. "ಎರಡೂ ಆದ್ರೆ?" ಎಂದು ಅವಳು ನಕ್ಕು ಕೇಳಿದ್ದಳು. "ಎರಡೂ ಆದ ದಿನ ನಾನು ಮನೆಗೆ ಬರಲ್ಲ," ಎಂದಿದ್ದ. ಅದು ತಮಾಷೆಯಲ್ಲ ಎಂದು ಆಮೇಲೆ ತಿಳಿಯಿತು.

ಅನ್ನದ ತಟ್ಟೆಯ ಮುಂದಿನಿಂದ ಎದ್ದು ಹೋದದ್ದು ಎಷ್ಟು ಸಲವೋ. ಮಗಳಿಗೆ ಜ್ವರ ಸುಡುತ್ತಿದ್ದ ಒಂದು ಭಾನುವಾರ ಹಾಗೇ ಎದ್ದುಹೋಗಿ ಗುಡುಗನ್ನು ಮನೆಗೇ ತಂದಿದ್ದ. ಬಚ್ಚಲಲ್ಲಿ ನೀರು ಸುರಿದು, ಬಾಗಿಲಲ್ಲಿ ಮಣೆ ಹಾಕಿಕೊಂಡು ಕಾವಲು ಕೂತಿದ್ದ. ಒಳಗಿನವನು ಒಮ್ಮೆ ಅಳುತ್ತಿದ್ದ, ಒಮ್ಮೆ ಬಕೆಟ್ಟಿನ ಮೇಲೆ ತಾಳ ಹಾಕುತ್ತಿದ್ದ. ಅವಳ ತಾಳ್ಮೆ ಹರಿದಿತ್ತು.

"ನಿಮಗೆ ಸಂಸಾರ ಯಾವುದು, ಇದಾ ಅದಾ? ಇವನೊಬ್ಬ ಹಾಳಾಗಿ ಹೋದ್ರೆ ಈ ಮನೆಗೆ ಬೆಳಕು ಬರತ್ತೆ."

ಅವನು ತಲೆಯೆತ್ತಿ, "ಇವನು ಮನೆಗೆ ಹೋಗ್ಲಿ. ಆಮೇಲೆ ಜಗಳ ಆಡೋಣ," ಎಂದಿದ್ದ.

ಆಮೇಲೆ ಎನ್ನುವುದು ಬರಲಿಲ್ಲ. ಹಾಗೆ ಮುಂದಕ್ಕೆ ಹಾಕಿದ ಜಗಳಗಳು ಮನೆಯ ತುಂಬ ಬಿದ್ದಿದ್ದವು.

~

ವ್ಯಾನು ಎರಡನೇ ಗೇರಿಗೆ ಬೀಳಲು ಮೊಂಡು ಹಿಡಿಯುತ್ತಿತ್ತು. ಓಡಿಸುವುದನ್ನು ಗಂಡನೇ ಕಲಿಸಿದ್ದರೂ ಅವಳ ದಿನದ ಓಡಾಟ ತಾನು ಕೆಲಸ ಮಾಡುವ ಕನ್ನಡಕದಂಗಡಿಗೂ ಮನೆಗೂ ಬಸ್ಸಿನಲ್ಲೇ. ಪಕ್ಕದಲ್ಲಿ ಗಾಯಕಿ ಡ್ಯಾಶ್‌ಬೋರ್ಡನ್ನು ಗಟ್ಟಿಯಾಗಿ ಹಿಡಿದಿದ್ದಳು.

"ನಾನೊಬ್ಬಳೇ ಹೋಗಿದ್ರೆ ಬಾಗಿಲು ತೆಗೀತಿರಲಿಲ್ಲ ಅತ್ತಿಗೆ. ನೀವು ಬರ್ಬೇಕಾಯ್ತು."

"ನನಗೆ ತೆಗೀತಾನೆ ಅಂತ ಯಾರು ಹೇಳಿದ್ರು? ನಾನಂದ್ರೆ ಅವನಿಗೆ ಭಯ."

"ಅದಕ್ಕೇ."

ಸಿಗ್ನಲ್ ಕೆಂಪಾಯಿತು. ಅವಳು ಸ್ಟಿಯರಿಂಗ್ ಮೇಲೆ ಬೆರಳು ಬಡಿದಳು. ಮುಂದಿನ ಬಸ್ಸು ಅಲುಗುವ ಹಾಗೆ ಕಾಣಲಿಲ್ಲ. "ಮಳೆಗಾಲ ಮುಗಿದ ಮೇಲೆ ಅವನು ಮುಟ್ಟಿರಲೇ ಇಲ್ಲ," ಎಂದಳು ಗಾಯಕಿ. "ಬ್ರೇಕಣ್ಣ ದಿನಾ ಬೆಳಗ್ಗೆ ಫೋನ್ ಮಾಡಿ, ಏನು ತಿಂಡಿ ಅಂತ ಕೇಳ್ತಿದ್ದ. ಅಷ್ಟೇ. ಇವತ್ತು ಫೋನ್ ಬಂದಿರಲ್ಲ."

ಅವಳು ಬಸ್ಸನ್ನು ಸುತ್ತುಹಾಕಿ ಸಂದಿಯಲ್ಲಿ ನುಗ್ಗಿಸಿದಳು. ಯಾರೋ ಬೈದರು.

ಟೈರ್ ಅಂಗಡಿಯ ಕೆಳಗಿನ ನೆಲಮಾಳಿಗೆ ಬ್ಯಾಂಡಿನ ಅಭ್ಯಾಸದ ಕೋಣೆ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ ಸದ್ದು ಹೊರಹೋಗದಂತೆ ಮಾಡಿದ್ದರು. ರಬ್ಬರಿನ ವಾಸನೆ, ಅದರ ಮೇಲೆ ಇನ್ನೊಂದು ವಾಸನೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಗುಡುಗು ಡ್ರಮ್ಮಿನ ಹಿಂದೆ ಅವನ ಸ್ಟೂಲಿನ ಮೇಲೇ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಾಲಿಶ್ ಹಾಕಿದ ಶೂ, ನೀಟಾಗಿ ಬಾಚಿದ ತಲೆ. ಕಾಲ ಬುಡದಲ್ಲಿ ಮುಕ್ಕಾಲು ಖಾಲಿಯಾದ ಬಾಟಲಿ.

"ಹತ್ರ ಬರಬೇಡಿ ಅತ್ತಿಗೆ. ವಾಸನೆ."

"ನಿನ್ನ ವಾಸನೆ ನನಗೇನು ಹೊಸದಾ?"

"ಹೊರಟಿದ್ದೆ. ಆಣೆ ಮಾಡಿ ಹೇಳ್ತೀನಿ, ಹೊರಟಿದ್ದೆ. ದಾರೀಲಿ ಅಂಗಡಿ ಮುಂದೆ ಕಾಲು ನಿಂತುಬಿಡ್ತು." ಅವನು ಕಣ್ಣೊರೆಸಿಕೊಂಡ. "ಈ ಬಾಯಲ್ಲಿ ಅಣ್ಣನ ಹತ್ರ ಹೇಗೆ ಬರ್ಲಿ?"

"ಬಾಯಲ್ಲಿ ಹೊರಬೇಕಾಗಿಲ್ಲ. ಹೆಗಲು ಸಾಕು."

ಅವನು ಅಲುಗಲಿಲ್ಲ. ಬಲಗೈ ಮುಷ್ಟಿ ಬಿಗಿದೇ ಇತ್ತು. ಕೇಳಿದ: "ಕೊನೇಲಿ ಅಣ್ಣ ನನ್ನ ಬಗ್ಗೆ ಏನಾದ್ರೂ ಹೇಳಿದ್ನಾ?"

ಗಾಯಕಿ ಅವನ ಬೆನ್ನ ಹಿಂದಿನಿಂದ, ಹೌದು ಅನ್ನಿ ಎಂದು ಕಣ್ಣಲ್ಲೇ ಬೇಡಿಕೊಂಡಳು. ಇವಳ ನಾಲಿಗೆಯ ತುದಿಯವರೆಗೆ ಒಂದು ಸುಳ್ಳು ಬಂತು. ಆದರೆ ಆಡಲಾಗಲಿಲ್ಲ.

"ಇಲ್ಲ. ಮೂರನೇ ಮಹಡಿ ಮೆಟ್ಟಿಲ ಮೇಲೆ ಬಿದ್ದರು, ಅಷ್ಟೇ. ನನಗೂ ಏನೂ ಹೇಳ್ಲಿಲ್ಲ. ಮಗಳಿಗೂ ಇಲ್ಲ."

ಗುಡುಗು ಅವಳನ್ನೇ ನೋಡಿದ. ಎಷ್ಟೋ ವರ್ಷಗಳಲ್ಲಿ ಇಬ್ಬರೂ ಒಂದೇ ಕಡೆ ನಿಂತದ್ದು ಇದೇ ಮೊದಲು.

"ಮುಷ್ಟೀಲೇನು?"

"ನಿದ್ದೆ ಮಾತ್ರೆ."

"ಎಷ್ಟು ನುಂಗಿದೀಯ?"

"ಇನ್ನೂ ಇಲ್ಲ. ಯೋಚನೆ ಮಾಡ್ತಿದ್ದೆ."

"ಕೊಡು ಇಲ್ಲಿ."

"ಅಣ್ಣ ಹೀಗೆ ಕೇಳ್ತಿರಲಿಲ್ಲ."

"ಮತ್ತೆ ಹೇಗೆ ಕೇಳ್ತಿದ್ರು?"

"ಕೇಳ್ತಾನೇ ಇರಲಿಲ್ಲ. ಪಕ್ಕದಲ್ಲಿ ಕೂತು ಒಂದೇ ಸ್ವರ ಬಾರಿಸ್ತಾ ಇರ್ತಿದ್ದ, ಧೊಂ ಧೊಂ ಅಂತ. ನನಗೇ ತಲೆ ಕೆಟ್ಟು ಕೊಟ್ಟುಬಿಡೋ ತನಕ."

"ನನಗೆ ಬಾರಿಸೋಕೆ ಬರಲ್ಲ, ಹೊತ್ತೂ ಇಲ್ಲ. ನಾಲ್ಕು ಗಂಟೆಗೆ ಅವರನ್ನ ಒಯ್ತಾರೆ. ಕೊಡು."

ಗುಡುಗು ನಗಲು ಹೋಗಿ ಅತ್ತ. ಮುಷ್ಟಿ ಬಿಚ್ಚಿ ಬೆವರಿಗೆ ಒದ್ದೆಯಾಗಿದ್ದ ಮಾತ್ರೆಪಟ್ಟಿಯನ್ನು ಅವಳ ಅಂಗೈಯಲ್ಲಿಟ್ಟ. "ತಂತಿ ಹತ್ರನೂ ಒಂದ್ಸಲ ಹೀಗೆ ಕಸ್ಕೊಂಡಿದ್ರೆ," ಎಂದು ಗೊಣಗಿದ.

ತಂತಿ ಎಂದರೆ ಬ್ಯಾಂಡಿನ ಮೊದಲ ಗಿಟಾರಿನವನು, ಒಣಕಲು ಹುಡುಗ. ಅವಳ ಮದುವೆಗೆ ಮುಂಚೆಯೇ ತೀರಿಕೊಂಡಿದ್ದ. "ಆಸ್ಪತ್ರೇಲಿ ಹೋದ ಅಂತ ಇವರು ಹೇಳಿದ್ರು," ಎಂದಳು.

ಗಾಯಕಿ ಮುಖ ತಿರುಗಿಸಿದಳು. ಗುಡುಗು ಹೇಳಿದ, "ಆಸ್ಪತ್ರೆ ಎಲ್ಲಿ ಬಂತು ಅತ್ತಿಗೆ. ವ್ಯಾನಲ್ಲಿ."

~

ಅಂದು ಪಕ್ಕದ ಊರಿನಲ್ಲಿ ಒಂದು ಮಧ್ಯಾಹ್ನದ ಪಾರ್ಟಿ. ಎಲ್ಲರೂ ಕುಡಿದಿದ್ದರು, ಆಗಿನ್ನೂ ಕುಡಿಯುತ್ತಿದ್ದ ಬ್ರೇಕು ಕೂಡ ಎರಡು ಗ್ಲಾಸು. ತಂತಿ ಮಾತ್ರ ಕುಡಿತದ ಮೇಲೆ ಮಾತ್ರೆಯನ್ನೂ ನುಂಗಿದ್ದ. ಬ್ರೇಕು ಅದನ್ನು ಕಂಡೂ, ದೊಡ್ಡವನು, ಅವನಿಗೇ ಗೊತ್ತಿರುತ್ತೆ ಎಂದು ಬಿಟ್ಟಿದ್ದ. ವಾಪಸು ಬರುವಾಗ ತಂತಿ ಹಿಂದಿನ ಸೀಟಿನಲ್ಲಿ ಮುದುಡಿ ಮಲಗಿ ಗೊರಕೆ ಹೊಡೆಯುತ್ತಿದ್ದ. ಎಲ್ಲರೂ ಆ ಗೊರಕೆಗೆ ತಾಳ ಹಾಕುತ್ತ ನಕ್ಕರು. ಅರ್ಧ ದಾರಿಯಲ್ಲಿ ಗೊರಕೆ ನಿಂತಿತು. "ಸದ್ಯ, ಈಗ ನೆಮ್ಮದಿಯಾಗಿ ನಿದ್ದೆ ಬಂತು," ಎಂದು ಬ್ರೇಕು ರೇಡಿಯೋ ಆರಿಸಿದ. ಎಚ್ಚರವಾದೀತೆಂದು ಹಳ್ಳ ತಗ್ಗುಗಳಲ್ಲಿ ಮೆಲ್ಲಗೆ ಓಡಿಸಿದ.

ಮನೆಯ ಮುಂದೆ ವ್ಯಾನು ನಿಂತಾಗ ತಂತಿಯ ತಾಯಿ ಬಾಗಿಲಿಗೆ ಬಂದಳು. ಕಿಟಕಿಯಿಂದ ಒಳಗೆ ಬಗ್ಗಿ ನೋಡಿ, "ಮಲಗಿದಾನಾ? ಎಬ್ಬಿಸ್ಬೇಡಿ, ಇನ್ನೊಂದು ಸ್ವಲ್ಪ ಮಲಗ್ಲಿ. ನೀವು ಬನ್ನಿ, ಟೀ ಮಾಡ್ತೀನಿ," ಎಂದಳು. ಎಲ್ಲರೂ ಒಳಗೆ ಹೋಗಿ ಟೀ ಕುಡಿದರು.

~

ಮೆಟ್ಟಿಲು ಹತ್ತುವಾಗ ಅವಳ ಒಂದು ಕೈ ಗೋಡೆ ಹಿಡಿದಿತ್ತು, ಇನ್ನೊಂದು ಗುಡುಗಿನ ತೋಳು ಹಿಡಿದಿತ್ತು. ಯಾರು ಯಾರಿಗೆ ಆಧಾರವೋ ಹೇಳುವುದು ಕಷ್ಟವಿತ್ತು. ರಸ್ತೆಯ ಚರಂಡಿಗೆ ಮಾತ್ರೆಗಳನ್ನು ಒಂದೊಂದಾಗಿ ಒತ್ತಿ ಬೀಳಿಸಿದಳು. ವ್ಯಾನು ಹೊರಟಿತು. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿದ ಮನುಷ್ಯ ಆ ಟೀಯನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದ ಎಂದು ಅವಳಿಗೆ ತಿಳಿಯಲಿಲ್ಲ. ಕೋಪ ಬಂತು. ಹೇಳಿದ್ದರೆ ಅನ್ನದ ತಟ್ಟೆಯ ಮುಂದೆ ಅಷ್ಟು ಕೂಗಾಡುತ್ತಿದ್ದಳೇ? ಕೂಗಾಡುತ್ತಿದ್ದಳೇನೋ. ಆದರೂ ಹೇಳಬಹುದಿತ್ತು.

ಹಾಲಿನಲ್ಲಿ ಎಲ್ಲರೂ ಎದ್ದು ನಿಂತಿದ್ದರು. ನಾದಿನಿ ಗುಡುಗಿನ ಕಡೆ ಒಮ್ಮೆ ಮೂಗು ಮುರಿದು, "ಚೆನ್ನಾಗಿದೆ," ಎಂದಳು. ಮಗಳು ಎದ್ದು ಬಂದಳು. ಗುಡುಗು ಅವಳನ್ನು ಎದುರಿಸಲಾರದೆ ಶೂ ನೋಡತೊಡಗಿದ.

"ಗುಡುಗು ಮಾವ, ನೀವು ಎಡಗಡೆ ಹಿಡ್ಕೊಳ್ಳಿ," ಎಂದಳು ಹುಡುಗಿ. "ಹಿಂದೆ ನಾನಿರ್ತೀನಿ. ಆಗದಿದ್ರೆ ಹೇಳಿ, ಸುಮ್ನೆ ಬಿಟ್ಟುಬಿಡಬೇಡಿ."

ಶವಪೆಟ್ಟಿಗೆ ಎತ್ತಿದರು. ಮುಂದೆ ಒಂದು ಕಡೆ ಗುಡುಗು, ಇನ್ನೊಂದು ಕಡೆ ಮೇಷ್ಟ್ರು, ಹಿಂದೆ ಮಗಳು ಮತ್ತು ಲಿಫ್ಟಿನವರು. ಹಾಲಿನಿಂದ ಗುಂಡಿಯವರೆಗೆ ಕಲ್ಲುಹಾದಿ. ಗುಡುಗು ಸಹಜವಾಗಿಯೇ ಮುಂದೆ ಮುಂದೆ ಓಡತೊಡಗಿದ, ಪೆಟ್ಟಿಗೆ ವಾಲಿತು. "ಓಡಬೇಡ್ವೋ," ಎಂದರು ಮೇಷ್ಟ್ರು ತೊದಲುತ್ತ. ಲಿಫ್ಟಿನವನೊಬ್ಬ ಏದುಸಿರಿನಲ್ಲಿ, "ಬ್ರೇಕಣ್ಣನಿಗೆ ಎಚ್ಚರ ಇದ್ದಿದ್ರೆ ನಮ್ಮನ್ನೆಲ್ಲ ಪಕ್ಕಕ್ಕೆ ನಿಲ್ಲಿಸಿ ತಾನೇ ನಡ್ಕೊಂಡು ಹೋಗ್ತಿದ್ದ," ಎಂದ. ಅಳುತ್ತಿದ್ದ ಗಾಯಕಿಗೆ ನಗು ಬಂದುಬಿಟ್ಟಿತು. ನಾದಿನಿಗೂ.

ಮಣ್ಣು ಮುಚ್ಚಿದ ಮೇಲೆ ಗುಡುಗು ಕಾಂಪೌಂಡಿನ ಹತ್ತಿರ ಹೋಗಿ ವಾಂತಿ ಮಾಡಿಕೊಂಡ. ಮೇಷ್ಟ್ರು ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಅವಳ ಮುಂದೆ ಬಂದು ನಿಂತರು.

"ನಾಳೆಯಿಂದ ಹೇಗೆ ಅತ್ತಿಗೆ?"

"ನನ್ನ ಕೇಳ್ತೀರಾ ಮೇಷ್ಟ್ರೇ? ನನಗೆ ಇವತ್ತಿನದೇ ಗೊತ್ತಿಲ್ಲ."

ಅವರು ನಲ್ಲಿಯ ಕಡೆ ಹೋದರು. ಬಾಟಲಿ ಖಾಲಿ ಮಾಡಲು ಹೋದರೋ, ಚೆಲ್ಲಲು ಹೋದರೋ ಅವಳು ತಿರುಗಿ ನೋಡಲಿಲ್ಲ. ಗಾಯಕಿ ಫೋನಿನಲ್ಲಿ ಚಟ ಬಿಡಿಸುವ ಕೇಂದ್ರದವರ ಜೊತೆ ವಾದ ಮಾಡುತ್ತಿದ್ದಳು. ಕೊನೆಗೆ, "ಬೆಳಗ್ಗೆ ಬೆಡ್ ಕೊಡ್ತಾರಂತೆ. ಇವತ್ತಿಗೆ ಗುಡುಗನ್ನ ಎಲ್ಲಿ ಇಡೋದು?" ಎಂದಳು.

"ನಮ್ಮನೆ ಬಚ್ಚಲು ಅವನಿಗೆ ಗೊತ್ತಿರೋದೇ," ಎಂದಳು ಅವಳು.

ಸಂಜೆಯ ಟ್ರಾಫಿಕ್ಕು ಸೇತುವೆಯ ಮೇಲೆ ಇಂಚಿಂಚಾಗಿ ತೆವಳುತ್ತಿತ್ತು. ಮಗಳು ಮುಂದಿನ ಸೀಟಿನಲ್ಲಿ ಕಾಲು ಮೇಲೆಳೆದುಕೊಂಡು ಕೂತಿದ್ದಳು. ಗುಡುಗು ಹಿಂದೆ ಮುದುಡಿ ಮಲಗಿದ್ದ. ಅವನ ಗೊರಕೆಗೆ ಕಿಟಕಿಯ ಗಾಜು ಅದುರುವಂತಿತ್ತು. ಅವಳು ಗೇರು ಹಾಕುತ್ತ, ತೆಗೆಯುತ್ತ, ಮುಂದಿನ ಕಾರಿನ ಕೆಂಪು ದೀಪ ನೋಡುತ್ತಿದ್ದಳು.

ಗೊರಕೆ ನಿಂತಿತು.

ಅವಳು ಸೇತುವೆಯ ಮಧ್ಯದಲ್ಲೇ ವ್ಯಾನು ನಿಲ್ಲಿಸಿದಳು. ಇಂಜಿನ್ ಆರಿಸಿ, ಇಳಿದು, ಸುತ್ತಿ ಬಂದು ಹಿಂದಿನ ಬಾಗಿಲು ಎಳೆದಳು. ಒಂದು ಬಸ್ಸು ಹಾರ್ನ್ ಮೇಲೆ ಕೈಯಿಟ್ಟಿತು, ಅದರ ಹಿಂದೆ ಇನ್ನೆಷ್ಟೋ.

"ಅಮ್ಮಾ, ಏನ್ ಮಾಡ್ತಿದೀಯ? ಎಲ್ಲರೂ ಬೈತಿದಾರೆ."

"ಬೈಲಿ."

ಬಗ್ಗಿ, ಅಂಗೈಯನ್ನು ಗುಡುಗಿನ ಮೂಗಿನ ಹತ್ತಿರ ಹಿಡಿದಳು. ಏನೂ ಇರಲಿಲ್ಲ. ಆಮೇಲೆ ಬೆಚ್ಚಗೆ, ಹುಳಿವಾಸನೆಯ ಗಾಳಿ ತಗುಲಿತು. ಅವಳು ಕೈ ತೆಗೆಯಲಿಲ್ಲ. ಇನ್ನೊಂದು ಉಸಿರು ಬರಲಿ ಎಂದು ಕಾಯುತ್ತ ಹಾಗೇ ಬಗ್ಗಿ ನಿಂತಳು.