ಮಾವನ ಗ್ಲಾಸು

ಮಳೆಗಾಲದ ಆಟಿ ತಿಂಗಳ ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ತೀರಿಹೋದ ಮಾವನ ಕುಲೆಗೆ, ಅಂದರೆ ಪ್ರೇತಕ್ಕೆ, ಬಡಿಸುವ ಕ್ರಮ ಉಂಟು. ಬಾಳೆ ಎಲೆಯಲ್ಲಿ ಕೋಳಿ ಸುಕ್ಕ, ರೊಟ್ಟಿ, ಒಂದು ಕಟ್ಟು ಬೀಡಿ, ಮತ್ತೆ ಮಾವನದೇ ಗ್ಲಾಸಿನಲ್ಲಿ ಬ್ರಾಂದಿ. ಹಿರಿಯ ಮಗ ಒಬ್ಬನೇ ಗ್ಲಾಸು ಹಿಡಿದು ಒಳಕೋಣೆಗೆ ಹೋಗಿ, ಎಲೆಯ ಪಕ್ಕ ಇಟ್ಟು, ಬಾಗಿಲೆಳೆದು ಬರಬೇಕು. ಸ್ವಲ್ಪ ಹೊತ್ತು ಕಳೆದು ಬಾಗಿಲು ತೆರೆದ ಮೇಲೆ ಆ ಗ್ಲಾಸಿನ ಮೊದಲ ಗುಟುಕೂ ಅವನದೇ. ಹದಿಮೂರು ವರ್ಷದಿಂದ ಇದು ತಪ್ಪಿಲ್ಲ.

ಈ ಸಲ ಆ ಹಿರಿಯ ಮಗ, ಅಂದರೆ ನನ್ನ ಗಂಡ ಶೋಧನ್, ಕುಡಿತ ಬಿಟ್ಟು ತೊಂಬತ್ತನಾಲ್ಕು ದಿನವಾಗಿತ್ತು.

ನಾನು ಪುಂಜಾಲಕಟ್ಟೆಯ ಆಶಾ ಕಾರ್ಯಕರ್ತೆ, ಸ್ವರ್ಣಲತಾ. ಮನೆಮನೆಗೆ ಹೋಗಿ ಬಿಪಿ ನೋಡುವುದು, ಉಪ್ಪು ಕಡಿಮೆ ಮಾಡಿ, ಕುಡಿಯಬೇಡಿ, ಎದೆ ಜೋಪಾನ ಎಂದು ಗಂಟಲು ಹರಿದುಕೊಳ್ಳುವುದು ನನ್ನ ಕೆಲಸ. ದೀಪದ ಬುಡದಲ್ಲಿ ಕತ್ತಲೆ ಎಂದು ನನ್ನ ಮುಖಕ್ಕೇ ಹೇಳಿದವರಿದ್ದಾರೆ. ಹೇಳಲಿ, ಸುಳ್ಳೇನಲ್ಲವಲ್ಲ! ಫೆಬ್ರವರಿಯಲ್ಲಿ ಶೋಧನ್ ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕೂತುಬಿಟ್ಟರು. ಮಂಗಳೂರಿಗೆ ಕೊಂಡುಹೋಗಿ ಸ್ಟೆಂಟ್ ಹಾಕಿಸಿದೆವು. ಅವರ ಅಪ್ಪ ಹೋದದ್ದೂ ಹೀಗೆಯೇ, ಕುಡಿದು ಕುಡಿದು, ಐವತ್ತನಾಲ್ಕನೇ ವಯಸ್ಸಿಗೆ, ಇದೇ ಅಂಗಳದಲ್ಲಿ ಎದೆ ಹಿಡಿದುಕೊಂಡು. ಇವರಿಗೆ ಈಗ ನಲವತ್ತೊಂದು.

ಆಮೇಲೆ ಬೆಳ್ತಂಗಡಿಯ ಶಾಲೆಯೊಂದರಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರವಾಯಿತು. ಕೈಕಾಲು ಹಿಡಿದು ಸೇರಿಸಿದೆ. ಮೊದಲ ಮೂರು ದಿನ ಬೆವರಿ, ನಡುಗಿ, ನನ್ನನ್ನು ಬೈದ ಮನುಷ್ಯ ಎಂಟನೇ ದಿನ ಎಲ್ಲರೆದುರು ನಿಂತು ಪ್ರತಿಜ್ಞೆ ಮಾಡಿದರು. ಶಿಬಿರದವರು ನನ್ನನ್ನು ಪಕ್ಕಕ್ಕೆ ಕರೆದು, "ಒಂದು ಗುಟುಕು ಒಳಗೆ ಹೋದ್ರೆ ಮತ್ತೆ ಮೊದಲಿನ ಹಾಗೆಯೇ. ಒಂದೇ ಗುಟುಕು, ನೆನಪಿರಲಿ ಅಕ್ಕ" ಎಂದಿದ್ದರು.

ಈ ಕ್ರಮ ಬರುತ್ತದೆಂದು ಆಗ ನನಗೆ ಹೊಳೆಯಲೇ ಇಲ್ಲ.

ಕ್ರಮದ ದಿನ ಬೆಳಿಗ್ಗೆ ಮುಂಡಾಜೆಯಿಂದ ಶಂಭು ಚಿಕ್ಕಮಾವ ಬಂದರು, ಮಾವನ ತಮ್ಮ. ಕೆಟ್ಟವರಲ್ಲ. ಸತ್ತ ಅಣ್ಣನ ಮೇಲೆ ಅಷ್ಟು ಪ್ರೀತಿ, ಅಷ್ಟೇ ಹೆದರಿಕೆ. ಬ್ರಾಂದಿ ಬಾಟಲಿಯನ್ನು ಅಡುಗೆಮನೆಯ ಹಲಗೆಯ ಮೇಲಿಟ್ಟರು.

"ಚಿಕ್ಕಮಾವ, ಇವರು ಬಿಟ್ಟಿದ್ದಾರೆ. ಈ ಸಲ ಅದು ಬೇಡ," ಎಂದೆ.

"ಒಂದು ಗುಟುಕಲ್ವಾ ಮಾರಾಯ್ತಿ? ಅದು ಕುಡಿಯುವುದಲ್ಲ, ಪ್ರಸಾದ. ಕುಲೆಗೆ ಕೊಡದೆ ನಾಳೆ ಮನೆಯಲ್ಲಿ ಏನಾದರೂ ಆದ್ರೆ ನೀನು ಜವಾಬ್ದಾರಿಯಾ?"

ಅತ್ತೆ ಸೇಸಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರು. ತಿರುಗಿಯೂ ನೋಡದೆ ಇನ್ನೊಂದು ರೊಟ್ಟಿ ತಟ್ಟಿದರು. ನನಗೆ ಅವರ ಮೇಲೆಯೂ ಸಿಟ್ಟು ಬಂತು.

ಚಿಕ್ಕಮಾವ ಸ್ನಾನಕ್ಕೆ ಹೋದಾಗ ಬಾಟಲಿಯನ್ನು ಹಿತ್ತಿಲ ಬಾಳೆಬುಡಕ್ಕೆ ಸುರಿದೆ. ಹಾಲು ಹಾಕದ ಕಣ್ಣ ಚಹಾ ಮಾಡಿ, ಸೋಸಿ, ಆರಿಸಿ, ಅದೇ ಬಾಟಲಿಗೆ ತುಂಬಿಸಿದೆ. ಬಣ್ಣ ಒಂದೇ. ಸತ್ತವರಿಗೆ ಮೋಸ ಮಾಡುತ್ತಿದ್ದೇನೆಂದು ಗೊತ್ತಿತ್ತು. ಆದರೆ ನನಗೆ ಬದುಕಿರುವವರು ಬೇಕು.

ಹನ್ನೆರಡೂವರೆಗೆ ಎಲೆ ಹಾಕಿದೆವು. ಚಿಕ್ಕಮಾವ ಬಾಟಲಿ ತೆರೆದರು, ಮೂಗಿನ ಹತ್ತಿರ ಹಿಡಿದರು. ಅವರ ಮುಖ ಕಪ್ಪಾಯಿತು.

"ಇದು ಯಾರ ಕೆಲಸ?"

"ನನ್ನದು," ಎಂದೆ.

"ಅಣ್ಣನಿಗೆ ಮೋಸ ಮಾಡ್ತೀಯಾ? ಅವನ ಮನೆಯಲ್ಲಿ ನಿಂತು!" ಎಂದು ಕೂಗಿದವರೇ ಕಾರಿಗೆ ಹೋಗಿ ಇನ್ನೊಂದು ಬಾಟಲಿ ತಂದರು. ಸಂಜೆಗೆಂದು ತಾವೇ ಇಟ್ಟುಕೊಂಡದ್ದು. ಮಾವನ ಗ್ಲಾಸಿಗೆ ಕಂಠಮಟ್ಟ ಸುರಿದು ಶೋಧನ್ ಕೈಗೆ ಕೊಟ್ಟರು. "ತಗೋ ಮಗ. ನಿನ್ನ ಅಪ್ಪ ಕಾಯ್ತಾ ಇದ್ದಾನೆ."

ವಾಸನೆ ಇಡೀ ಚಾವಡಿಗೆ ಹರಡಿತು. ಶೋಧನ್ ಬೇಡ ಅನ್ನಲಿಲ್ಲ. ನನ್ನನ್ನು ನೋಡಲೂ ಇಲ್ಲ. ಗ್ಲಾಸನ್ನೇ ನೋಡುತ್ತಿದ್ದರು. ಹಣೆಯ ಮೇಲೆ ಬೆವರು, ಶಿಬಿರದ ಮೊದಲ ದಿನಗಳಲ್ಲಿ ಕಂಡಂಥದ್ದೇ. ಒಳಕೋಣೆಗೆ ಆರು ಹೆಜ್ಜೆ. ಒಳಗೆ ಹೋದರೆ ಬಾಗಿಲು ಮುಚ್ಚುತ್ತದೆ, ನೋಡುವವರು ಯಾರೂ ಇಲ್ಲ. ನಾನು ಕೂಗಬೇಕೆಂದುಕೊಳ್ಳುವಷ್ಟರಲ್ಲಿ ಅವರು ಒಂದು ಹೆಜ್ಜೆ ಇಟ್ಟರು. ಎರಡು. ಮೂರು.

ಅತ್ತೆ ಒಲೆಯ ಮುಂದಿನಿಂದ ಎದ್ದರು. ಹಿಟ್ಟಿನ ಕೈಯಲ್ಲೇ ಬಂದು ಮಗನ ಕೈಯಿಂದ ಗ್ಲಾಸು ತೆಗೆದುಕೊಂಡರು. ಅಂಗಳಕ್ಕೆ ಹೋಗಿ ಚೆಲ್ಲಿದರು. ಗ್ಲಾಸನ್ನು ತೊಳೆದು, ನಾನು ಮಾಡಿದ ಚಹಾವನ್ನು ಅದಕ್ಕೆ ಸುರಿದರು.

"ಅತ್ತಿಗೆ, ಕುಲೆಗೆ ಕೋಪ ಬರ್ತದೆ!" ಎಂದು ಚಿಕ್ಕಮಾವ ಒಳಕೋಣೆಯತ್ತ ನೋಡಿದರು.

"ಬರ್ಲಿ ಶಂಭು. ನನ್ನ ಮೇಲೆ ಬರ್ಲಿ. ಇಪ್ಪತ್ತೊಂಬತ್ತು ವರ್ಷ ಈ ಗ್ಲಾಸು ತೊಳೆದು ತುಂಬಿಸಿ ಕೊಟ್ಟವಳು ನಾನು. ಅವರು ಇರುವಾಗ ಬೇಡ ಅನ್ನಲಿಕ್ಕೆ ನನಗೆ ಧೈರ್ಯ ಬರಲಿಲ್ಲ. ಹೋದ ಮೇಲೂ ಹದಿಮೂರು ವರ್ಷ ಕೊಟ್ಟೆ. ಇವತ್ತಿಂದ ಅವರೂ ಶಿಬಿರಕ್ಕೆ ಸೇರಿದ್ರು ಅಂತ ತಿಳ್ಕೊಳ್ಳಿ."

ತಾವೇ ಒಳಗೆ ಇಟ್ಟು ಬಂದು, ಬಾಗಿಲೆಳೆದು, ಅದಕ್ಕೆ ಬೆನ್ನು ಕೊಟ್ಟು ಕೂತರು. ಒಳಗೆ ಏನಾದರೂ ಬಿದ್ದರೆ, ಒಡೆದರೆ? ನಂಬುವುದಿಲ್ಲ ಎನ್ನುವ ನಾನೂ ಕಿವಿಗೊಟ್ಟು ಕೂತಿದ್ದೆ. ಅತ್ತೆಯ ತುಟಿ ಮಾತ್ರ ಅಲುಗುತ್ತಿತ್ತು. ಗಂಡನೊಡನೆ ಏನು ಮಾತಾಡಿಕೊಂಡರೋ ನಾನು ಇವತ್ತಿನವರೆಗೆ ಕೇಳಿಲ್ಲ.

ಬಾಗಿಲು ತೆರೆದಾಗ ಎಲ್ಲವೂ ಇಟ್ಟ ಹಾಗೆಯೇ ಇತ್ತು. ಅತ್ತೆ ಗ್ಲಾಸು ತಂದು ಶೋಧನ್ ಕೈಗಿಟ್ಟರು. ಅವರು ಒಂದು ಗುಟುಕು ಕುಡಿದರು. ಚಿಕ್ಕಮಾವ ಗೊಣಗುತ್ತಲೇ ಕೈ ನೀಡಿದರು, ಅವರೂ ಕುಡಿದರು.

ಶೋಧನ್ ಅಲ್ಲೇ ನೆಲಕ್ಕೆ ಕುಸಿದು ಕೂತರು. ಓಡಿಹೋಗಿ ನಾಡಿ ಹಿಡಿದೆ. ಜೋರಾಗಿ ಬಡಿಯುತ್ತಿತ್ತು, ಆದರೆ ಸರಿಯಾಗಿತ್ತು.

"ಅಮ್ಮ," ಎಂದರು ಅವರು, ತಲೆ ಎತ್ತದೆ. "ನೀವು ತೆಗೆಯದಿದ್ರೆ ನಾನು ಒಳಗೆ ಹೋಗಿ ಪೂರ್ತಿ ಕುಡೀತಿದ್ದೆ. ನನ್ನಿಂದ ಒಬ್ಬನಿಂದಲೇ ಆಗುದಿಲ್ಲ."

ನನಗೆ ಅಳು ಬಂತು, ಒಂದು ಬಾರಿಸುವ ಅನ್ನಿಸುವಷ್ಟು ಸಿಟ್ಟೂ ಬಂತು. ಅತ್ತೆ ಮಗನ ತಲೆಯ ಮೇಲೆ ಕೈಯಿಟ್ಟರು. ಮಣಿಕಟ್ಟಿಗೆ ಅಂಟಿ ಒಣಗಿದ್ದ ಹಿಟ್ಟು ಅವರ ಕೂದಲಿಗೆ ಉದುರಿತು.

"ಈ ಮಾತು ನಿನ್ನ ಅಪ್ಪ ಒಮ್ಮೆ ಹೇಳಿದ್ದಿದ್ರೆ," ಎಂದರು ಅತ್ತೆ, "ಈ ಚಹಾವನ್ನು ನಾನು ಇವತ್ತು ಅವರ ಕೈಗೇ ಕೊಡ್ತಿದ್ದೆ ಮಗ."